ಪಾವಗಡದಿಂದ ಹೈಕೋರ್ಟಿಗೆ: ಕ್ರೈಸ್ತ ವಿಚ್ಛೇದನದ ದೀರ್ಘ ದಾರಿ

ಪಾವಗಡದಿಂದ ಮಧುಗಿರಿ, ಕೊರಟಗೆರೆ ಹಾದು ತುಮಕೂರಿಗೆ ಸುಮಾರು 100 ಕಿ.ಮೀ. ಶಿರಾದಿಂದಾದರೆ ಅದರ ಅರ್ಧ. 2001ರವರೆಗೆ ಈ ನಾಲ್ಕು ತಾಲ್ಲೂಕುಗಳ ಕ್ರೈಸ್ತ ಹೆಣ್ಣುಮಗಳೊಬ್ಬಳು ವಿಚ್ಛೇದನ ಬಯಸಿದರೆ ಜಿಲ್ಲಾ ನ್ಯಾಯಾಲಯದವರೆಗಿನ ಈ ದಾರಿ ಬರೀ ಆರಂಭ. ಜಿಲ್ಲಾ ನ್ಯಾಯಾಧೀಶರು ವಿಚ್ಛೇದನ ಕೊಟ್ಟರೂ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸ್ಥಿರೀಕರಿಸುವ ತನಕ ಅದು ಅಂತಿಮವಲ್ಲ. ಆಮೇಲೂ ಮರುಮದುವೆಗೆ ಆರು ತಿಂಗಳು ಕಾಯಬೇಕು. ನೆರೆಮನೆಯ ಹಿಂದೂ ಹೆಣ್ಣಿಗೆ ಹೈಕೋರ್ಟಿನ ಈ ಹೆಚ್ಚುವರಿ ಮೆಟ್ಟಿಲು ಇರಲಿಲ್ಲ.

ಇದಕ್ಕಿಂತ ಕಠಿಣವಾದುದು ಮತ್ತೊಂದು. 1869ರ ಭಾರತೀಯ ವಿಚ್ಛೇದನ ಕಾಯ್ದೆಯ 10ನೇ ಕಲಮಿನ ಪ್ರಕಾರ ಹೆಂಡತಿಯ ವ್ಯಭಿಚಾರವನ್ನು ಸಾಬೀತುಪಡಿಸಿದರೆ ಗಂಡನಿಗೆ ಬಿಡುಗಡೆ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತೊರೆದುಹೋದದ್ದನ್ನೋ ಅವಳು ತೋರಿಸಬೇಕಿತ್ತು. ಬರೀ ಹೊಡೆತ ಬಡಿತಕ್ಕೆ ವಿಚ್ಛೇದನವೇ ಇಲ್ಲ!

ಇದು ಬೈಬಲಿನ ಕಟ್ಟಳೆ ಎಂದು ನಂಬಿದವರಿದ್ದಾರೆ. ಗ್ರಂಥವನ್ನು ತೆರೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಗಂಡನು ತ್ಯಾಗಪತ್ರ ಬರೆದುಕೊಟ್ಟು ಹೆಂಡತಿಯನ್ನು ಕಳುಹಿಸುವ ಪದ್ಧತಿಯನ್ನು ಹೇಳುತ್ತದೆ. ಅಲ್ಲಿ ಪತ್ರ ಬರೆಯುವವನು ಗಂಡು ಮಾತ್ರ. ಯಾವ ಕಾರಣಕ್ಕೆ ಬರೆಯಬಹುದು ಎಂಬುದರ ಮೇಲೆ ಯೆಹೂದಿ ಗುರುಗಳಲ್ಲಿ ಜಗಳವಿತ್ತು. ಶಮ್ಮಾಯನ ಪಂಥ ಹಾದರವೊಂದೇ ಕಾರಣ ಎಂದರೆ, ಹಿಲ್ಲೇಲನ ಪಂಥ ಅಡುಗೆ ಕೆಡಿಸಿದ್ದೂ ಸಾಕು ಎಂದಿತು. ಈ ಜಗಳದ ನಡುವೆಯೇ ಯೇಸುವಿನ ಮುಂದೆ ಪ್ರಶ್ನೆ ಬಂತು. ಮಾರ್ಕನ ಸುವಾರ್ತೆಯಲ್ಲಿ ಆತನ ಉತ್ತರ ಗಂಡು ಹೆಣ್ಣು ಇಬ್ಬರಿಗೂ ಒಂದೇ: ಸಂಗಾತಿಯನ್ನು ಬಿಟ್ಟು ಬೇರೆ ಮದುವೆಯಾಗುವವರು ವ್ಯಭಿಚಾರಿಗಳು. ಮತ್ತಾಯನಲ್ಲಿ ಮಾತ್ರ ಹಾದರದ ಕಾರಣಕ್ಕೆ ವಿನಾಯಿತಿ ಉಂಟು. ಅವಿಶ್ವಾಸಿ ಸಂಗಾತಿ ತಾನಾಗಿ ಅಗಲಿದರೆ ಬಿಟ್ಟುಬಿಡಿ ಎಂದು ಪೌಲನು ಕೊರಿಂಥದವರಿಗೆ ಬರೆದ.

ಈ ಕೆಲವೇ ಸಾಲುಗಳ ಮೇಲೆ ಸಭೆಗಳು ಒಡೆದಿವೆ. ಕೆಥೊಲಿಕರಿಗೆ ಸಿಂಧುವಾದ ಕ್ರೈಸ್ತ ವಿವಾಹ ಸಾವಿನ ತನಕ. ಲೂಥರ್ ಮೊದಲಾದ ಸುಧಾರಕರು ತಪ್ಪಿಲ್ಲದ ಸಂಗಾತಿಗೆ ಮರುಮದುವೆಯ ಬಾಗಿಲು ತೆರೆದರು.

ಹಾಗಾದರೆ ಗಂಡಿಗೊಂದು ಹೆಣ್ಣಿಗೊಂದು ಅಳತೆಗೋಲು ಎಲ್ಲಿಂದ ಬಂತು? ಇಂಗ್ಲೆಂಡಿನ ಸಂಸತ್ತಿನಿಂದ. 1857ರಲ್ಲಿ ಅಲ್ಲಿ ಆದ ಕಾನೂನನ್ನು ಹನ್ನೆರಡು ವರ್ಷಗಳ ಬಳಿಕ ಇಲ್ಲಿಗೆ ತಂದರು. ಇಂಗ್ಲೆಂಡ್ 1923ರಲ್ಲಿ ಈ ಭೇದವನ್ನು ಕೈಬಿಟ್ಟಿತು. ನಾವು ಇನ್ನೂ 78 ವರ್ಷ ಕಾಪಾಡಿಕೊಂಡೆವು. ವಿಪರ್ಯಾಸವೆಂದರೆ ಹಳೇ ಮೈಸೂರಿನ ಅನೇಕ ಸಮುದಾಯಗಳಲ್ಲಿ ಪಂಚಾಯಿತಿ ಸೇರಿಸಿ ಬಿಡುಗಡೆ ಪಡೆದು 'ಕೂಡಿಕೆ' ಮಾಡಿಕೊಳ್ಳುವ ರೂಢಿ ಹೆಣ್ಣಿಗೆ ಮೊದಲೇ ಇತ್ತು. ಆ ಮದುವೆಗೆ ಮರ್ಯಾದೆ ಕಡಿಮೆ ನಿಜ, ಆದರೆ ಹಾದಿಯಂತೂ ಇತ್ತು.

1995ರಲ್ಲಿ ಕೇರಳ ಹೈಕೋರ್ಟ್ ಹೆಂಡತಿಯ ಮೇಲಿನ ಹೆಚ್ಚುವರಿ ಹೊರೆಯನ್ನು ತೆಗೆದುಹಾಕಿತು. 2001ರ ತಿದ್ದುಪಡಿ ದೇಶದಾದ್ಯಂತ ಇಬ್ಬರಿಗೂ ಸಮಾನ ಕಾರಣಗಳನ್ನು ಕೊಟ್ಟು, ಹೈಕೋರ್ಟ್ ಸ್ಥಿರೀಕರಣವನ್ನು ರದ್ದುಪಡಿಸಿ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶ ಮಾಡಿತು. ಅದಕ್ಕೆ ಎರಡು ವರ್ಷ ಬೇರೆ ಇರಬೇಕೆಂಬ ಷರತ್ತನ್ನು ನಮ್ಮ ಹೈಕೋರ್ಟ್ 2014ರಲ್ಲಿ ಉಳಿದವರಂತೆ ಒಂದು ವರ್ಷಕ್ಕೆ ಇಳಿಸಿತು.

ಚರ್ಚಿನ ಬಾಗಿಲ ಮಾತು ಬೇರೆ. ಮದುವೆ ಮೊದಲಿನಿಂದಲೇ ಅಸಿಂಧು ಎಂದು ಚರ್ಚಿನ ನ್ಯಾಯಮಂಡಳಿ ಕೊಡುವ ತೀರ್ಪಿಗೆ ಕಾನೂನಿನ ಮಾನ್ಯತೆ ಬೇಕೆಂದು ದಕ್ಷಿಣ ಕನ್ನಡದ ಕ್ಲಾರೆನ್ಸ್ ಪಾಯಸ್ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. ಆದ್ದರಿಂದ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ಈ ತಾಲ್ಲೂಕುಗಳ ಕೆಥೊಲಿಕ್ ಹೆಣ್ಣೊಬ್ಬಳು ಕೋರ್ಟಿನಲ್ಲಿ ಬಿಡುಗಡೆ ಪಡೆದರೂ, ಮತ್ತೆ ದೇವಾಲಯದಲ್ಲಿ ಮದುವೆಯಾಗಲು ಚರ್ಚಿನ ತೀರ್ಪನ್ನೂ ಪಡೆಯಬೇಕು. ಹಿಂದೆ ಅದಕ್ಕೂ ಎರಡು ಮಂಡಳಿಗಳ ಒಪ್ಪಿಗೆ ಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಒಂದೇ ಸಾಕೆಂದರು.