ಜೋಲಿ, ಒಳಲೆ, ವಾಕರ್: ಚಾಮರಾಜನಗರ ಸೀಮೆಯಲ್ಲಿ ಶಿಶುಸಾಧನಗಳ ಸುರಕ್ಷತೆ ಮತ್ತು ಮನೆಯ ತಿಳಿವಳಿಕೆ

1. ಪ್ರಶ್ನೆಯ ಸ್ವರೂಪ

ಶಿಶುಸಾಧನಗಳೆಂದರೆ ಮಗುವನ್ನು ಮಲಗಿಸಲು, ಅದಕ್ಕೆ ಉಣಿಸಲು, ಎತ್ತಿಕೊಂಡು ಹೋಗಲು ಹಾಗೂ ನಡಿಗೆ ಕಲಿಸಲು ಬಳಸುವ ವಸ್ತುಗಳು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಮನೆಗಳಲ್ಲಿ ಇವುಗಳ ಬಗ್ಗೆ ಎರಡು ಕಡೆಯಿಂದ ಮಾತು ಬರುತ್ತದೆ. ತವರಿನಲ್ಲಿ ಬಾಣಂತನ ಮಾಡಿಸುವ ತಾಯಿ, ಅಜ್ಜಿ, ಸೋದರತ್ತೆಯರು ತಾವು ಸಾಕಿದ ಮಕ್ಕಳ ಅನುಭವದಿಂದ ಹೇಳುವುದು ಒಂದು. ವೈದ್ಯರು, ಆಶಾ ಕಾರ್ಯಕರ್ತೆಯರು, ಕಾನೂನು ಮತ್ತು ಮಾನಕ ಸಂಸ್ಥೆಗಳು ಅನೇಕ ಊರುಗಳ ಲೆಕ್ಕ ತೆಗೆದು ಹೇಳುವುದು ಇನ್ನೊಂದು. ಮೊದಲನೆಯದನ್ನು ಮೂಢನಂಬಿಕೆಯೆಂದು ತಳ್ಳುವುದೂ ಎರಡನೆಯದನ್ನು ಪೇಟೆಯವರ ಅತಿಭಯವೆಂದು ನಗುವುದೂ ರೂಢಿಯಲ್ಲಿವೆ. ಮನೆಯ ತಿಳಿವಳಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಆ ವಸ್ತು ಆ ಮನೆಗೆ ಎಷ್ಟು ಹಳೆಯದು ಮತ್ತು ಅದರಿಂದಾಗುವ ಅಪಾಯ ಎಷ್ಟು ಸಲ ಕಣ್ಣಿಗೆ ಬೀಳುವಂಥದ್ದು ಎಂಬ ಎರಡು ಸಂಗತಿಗಳನ್ನು ಅವಲಂಬಿಸಿದೆ ಎಂಬುದನ್ನು ಈ ಲೇಖನ ಪ್ರತಿಪಾದಿಸುತ್ತದೆ.

ಸರ್ಕಾರದ ಶಿಶು ಆರೈಕೆ ವ್ಯವಸ್ಥೆ ಇದುವರೆಗೆ ಮುಖ್ಯವಾಗಿ ಗಮನಿಸಿರುವುದು ಶೀತ, ಸೋಂಕು ಮತ್ತು ಅಪೌಷ್ಟಿಕತೆಯನ್ನು. 2007ರಲ್ಲಿ ರಾಜ್ಯದಲ್ಲಿ ಆರಂಭವಾದ ಮಡಿಲು ಯೋಜನೆಯ ಕಿಟ್‌ನಲ್ಲಿ ಸೊಳ್ಳೆಪರದೆ, ರಬ್ಬರ್ ಶೀಟು, ಮಗುವಿನ ಸ್ವೆಟರ್, ಟೊಪ್ಪಿಗೆ ಮೊದಲಾದವು ಇದ್ದವು. 2011ರಿಂದ ನಡೆದುಬಂದಿರುವ ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಲ್ಲಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಟ್ಟು ತೂಕ, ಎದೆಹಾಲು, ಮೈಬಿಸಿ, ಸೋಂಕಿನ ಲಕ್ಷಣಗಳನ್ನು ನೋಡುತ್ತಾರೆ. ನವಜಾತ ಶಿಶುಗಳ ಸಾವಿಗೆ ಇವೂ ಮುಖ್ಯ ಕಾರಣಗಳಾದ್ದರಿಂದ ಈ ಆದ್ಯತೆ ಸರಿಯಾದದ್ದೇ. ಆದರೆ ವಸ್ತುಗಳಿಂದಾಗುವ ಗಾಯ ಮತ್ತು ಉಸಿರುಗಟ್ಟುವಿಕೆಯ ವಿಚಾರ ಬಹುಮಟ್ಟಿಗೆ ಮನೆಯವರ ತಿಳಿವಳಿಕೆಗೇ ಬಿಟ್ಟಂತಾಗಿದೆ.

2. ಜೋಲಿ: ಪದ್ಧತಿ ಬಲ್ಲದ್ದು ಮತ್ತು ಅದರ ಕಣ್ಣಿಗೆ ಬೀಳದ್ದು

ಹಳೆಯ ಹತ್ತಿಸೀರೆಯ ಎರಡು ತುದಿಗಳನ್ನು ಹಗ್ಗಕ್ಕೆ ಗಂಟು ಹಾಕಿ, ಹಗ್ಗವನ್ನು ತೊಲೆಗೆ ಬಿಗಿದು ಕಟ್ಟುವ ಜೋಲಿ ಈ ಸೀಮೆಯ ಅತ್ಯಂತ ಅಗ್ಗದ, ಅತ್ಯಂತ ಬಳಕೆಯ ಶಿಶುಸಾಧನ. ಹೊಲದ ಬದುವಿನ ಮರದ ಕೊಂಬೆಗೂ ಅದನ್ನು ಕಟ್ಟಬಹುದು. ಅರಿಸಿನ, ಈರುಳ್ಳಿ, ಚೆಂಡುಹೂವಿನ ಹೊಲಗಳಲ್ಲಿ ಕೂಲಿಗೆ ಹೋಗುವ ತಾಯಿಗೆ ಮಗುವನ್ನು ಇರುವೆ, ಚೇಳು, ನಾಯಿಗಳಿಂದ ದೂರವಿಡಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಗಟ್ಟಿ ಹಾಸಿಗೆಯ, ಕಂಬಿಗಳುಳ್ಳ ಮಂಚದಲ್ಲಿ ಮಗುವನ್ನು ಒಂಟಿಯಾಗಿ ಮಲಗಿಸಬೇಕೆಂಬ ಪಾಶ್ಚಾತ್ಯ ಸಲಹೆಯನ್ನು ಈ ಪರಿಸ್ಥಿತಿಗೆ ಹಾಗೆಯೇ ಅನ್ವಯಿಸಿದರೆ ಆ ತಾಯಿಗೆ ಉಳಿಯುವುದು ಬರಿಯ ನೆಲ.

ಜೋಲಿ, ತೊಟ್ಟಿಲುಗಳ ಸುತ್ತ ಬೆಳೆದ ಆಚಾರಗಳಲ್ಲಿ ಎರಡನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ತೊಟ್ಟಿಲು ಶಾಸ್ತ್ರದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗುವ ಪದ್ಧತಿ ಕರ್ನಾಟಕದ ಅನೇಕ ಕಡೆ ಇದೆ. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂಬುದು ಅದರ ಹಾರೈಕೆಯಾದರೂ, ಹಗ್ಗ, ಕೊಕ್ಕೆ, ಗಂಟುಗಳು ಭಾರ ತಡೆಯುತ್ತವೆಯೇ ಎಂಬ ಪರೀಕ್ಷೆಯೂ ಆ ಕ್ರಿಯೆಯಲ್ಲಿಯೇ ನಡೆದುಹೋಗುತ್ತದೆ. ಖಾಲಿ ತೊಟ್ಟಿಲು ತೂಗಬಾರದು ಎಂಬುದು ಎರಡನೆಯದು. ಸೀರೆಯ ಜೋಲಿಯಿಂದ ಸತ್ತ ಮಕ್ಕಳ ಬಗ್ಗೆ ಭಾರತದ ನ್ಯಾಯವೈದ್ಯಕೀಯ ವರದಿಗಳನ್ನು ನೋಡಿದರೆ, ಹಸುಗೂಸುಗಳಿಗಿಂತ ಬೇರೆಯ ಒಂದು ಗುಂಪು ಎದ್ದುಕಾಣುತ್ತದೆ: ಖಾಲಿ ಜೋಲಿಯಲ್ಲಿ ಕುಳಿತು, ಸುತ್ತಿ ಸುತ್ತಿ ಆಡುವಾಗ ಬಟ್ಟೆ ಮುರಿಗೊಂಡು ಕುತ್ತಿಗೆಗೆ ಬಿಗಿದ, ಓಡಾಡುವ ವಯಸ್ಸಿನ ಮಕ್ಕಳು. ಕಾರಣವನ್ನು ಅಪಶಕುನದ ಭಾಷೆಯಲ್ಲಿ ಹೇಳಿದರೂ ಆ ನಿಷೇಧವನ್ನು ಪಾಲಿಸಿದ ಮನೆ ಈ ಅಪಾಯವನ್ನು ಅಷ್ಟರಮಟ್ಟಿಗೆ ತಡೆಯುತ್ತದೆ. ಇಂದಿನ ಸಲಹೆ ಇದಕ್ಕೆ ಸೇರಿಸಬೇಕಾದದ್ದು ಒಂದೇ ಮಾತು: ಮಗುವನ್ನು ಎತ್ತಿಕೊಂಡ ಕೂಡಲೇ ಜೋಲಿಯನ್ನು ಬಿಚ್ಚಬೇಕು, ಇಲ್ಲವೇ ದೊಡ್ಡ ಮಕ್ಕಳ ಕೈಗೆ ಸಿಗದಷ್ಟು ಮೇಲೆ ಕಟ್ಟಬೇಕು.

ಆದರೆ ಮನೆಯ ಅನುಭವಕ್ಕೆ ಸಿಗದ ಅಪಾಯಗಳೂ ಉಂಟು. ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವುದನ್ನು ವೈದ್ಯರು ಹಠಾತ್ ಶಿಶುಮರಣ ಎನ್ನುತ್ತಾರೆ. ಅಮೆರಿಕದಲ್ಲಿ 1992ರಲ್ಲಿ ಇದರ ಪ್ರಮಾಣ ಸಾವಿರ ಜನನಗಳಿಗೆ ಸುಮಾರು 1.2 ಇತ್ತು; ಶಿಶುಗಳನ್ನು ಬೋರಲು ಮಲಗಿಸಬಾರದೆಂದು ಆ ವರ್ಷ ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿ ಸಲಹೆ ನೀಡಿ, 1994ರಿಂದ ಅಂಗಾತ ಮಲಗಿಸಬೇಕೆಂಬ ಪ್ರಚಾರ ನಡೆದ ಮೇಲೆ, 2001ರ ಹೊತ್ತಿಗೆ ಅದು 0.56ಕ್ಕೆ ಇಳಿಯಿತು. ಸಾವಿರಕ್ಕೆ 1.2ರಷ್ಟು ಅಪಾಯವಿರುವಲ್ಲಿ ಐವತ್ತು ಕೂಸುಗಳ ಬಾಣಂತನ ನೋಡಿದ ಹಿರಿಯಳೊಬ್ಬಳು ಇಂಥ ಒಂದು ಸಾವನ್ನೂ ಕಾಣದಿರುವ ಸಂಭವ ನೂರಕ್ಕೆ ತೊಂಬತ್ತನಾಲ್ಕು. ಆದ್ದರಿಂದ ‘ನಾವು ಹೀಗೇ ಸಾಕಿದೆವು, ಯಾರಿಗೂ ಏನೂ ಆಗಲಿಲ್ಲ’ ಎಂಬ ಮಾತು ಪ್ರಾಮಾಣಿಕವಾಗಿದ್ದೂ ಸಾಕ್ಷ್ಯವಾಗಲಾರದು. ವಿರಳವಾದ ಸಾವು ಲಕ್ಷಾಂತರ ಜನನಗಳ ಲೆಕ್ಕದಲ್ಲಿ ಮಾತ್ರ ಗೋಚರಿಸುತ್ತದೆ.

ಈ ದೃಷ್ಟಿಯಿಂದ ಜೋಲಿಯ ಬಾಗಿದ ತಳವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಕತ್ತು ನಿಲ್ಲದ ಕೂಸಿನ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಕಿರಿದಾಗುತ್ತದೆ. ಮಡಿಕೆಯ ಬಟ್ಟೆ ಮೂಗಿಗೆ ತಾಗಿದರೆ ಮುಖ ತಿರುಗಿಸುವ ಶಕ್ತಿ ಅದಕ್ಕಿರುವುದಿಲ್ಲ. ಅಮೆರಿಕವು 2022ರ ಕಾನೂನಿನಲ್ಲಿ 10 ಡಿಗ್ರಿಗಿಂತ ಹೆಚ್ಚು ಓರೆಯಾದ ಶಿಶುಶಯ್ಯೆಗಳ ಮಾರಾಟವನ್ನು ನಿಷೇಧಿಸಿದ್ದರ ಹಿಂದೆ ಇಂಥ ಸಾವುಗಳಿದ್ದವು. ಆದುದರಿಂದ ಅವಧಿಗೆ ಮೊದಲು ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಿಗೆ ಜೋಲಿ ತಕ್ಕುದಲ್ಲ. ಮಿಕ್ಕವರಿಗೆ ಅದು ಎಚ್ಚರವಿರುವವರ ಕಣ್ಣಳತೆಯಲ್ಲಿ, ಹಗಲಿನ ಕಿರುನಿದ್ದೆಗೆ ಮಾತ್ರ ಇರಲಿ. ತಲೆ ದುಂಡಾಗಲೆಂದು ಇಡುವ ಸಾಸಿವೆ ದಿಂಬು, ಕೊರಳಿಗೆ ಕಟ್ಟುವ ದೃಷ್ಟಿದಾರಗಳಲ್ಲೂ ಉಸಿರುಗಟ್ಟುವ ಇಂಥದೇ ವಿರಳ ಅಪಾಯವಿದೆ. ದಾರವನ್ನು ಕೊರಳಿನ ಬದಲು ಕಾಲಿಗೆ ಕಟ್ಟಿದರೆ ನಂಬಿಕೆಗೂ ಚ್ಯುತಿಯಿಲ್ಲ, ಕೂಸಿನ ಉಸಿರಿಗೂ ಭಯವಿಲ್ಲ.

ಮನೆಯ ಕಟ್ಟಡ ಬದಲಾಗಿರುವುದೂ ಗಮನಾರ್ಹ. ನಾಡಹೆಂಚಿನ ಮನೆಯ ತೊಲೆ ಎಷ್ಟು ಭಾರ ತಾಳುತ್ತದೆಂಬುದು ಮನೆಯವರಿಗೆ ಗೊತ್ತಿತ್ತು. ತಾರಸಿ ಮನೆಯಲ್ಲಿ ಕಾಂಕ್ರೀಟು ಹಾಕುವಾಗಲೇ ಕೊಂಡಿ ಬಿಟ್ಟಿರದಿದ್ದರೆ ಜೋಲಿಯನ್ನು ಕಿಟಕಿಯ ಸರಳಿಗೋ ಮಾರುಕಟ್ಟೆಯ ಸ್ಪ್ರಿಂಗ್ ಸ್ಟ್ಯಾಂಡಿಗೋ ಕಟ್ಟಬೇಕಾಗುತ್ತದೆ. ಆಗ ಹಿರಿಯರ ಅಳತೆ ನೆರವಿಗೆ ಬರುವುದಿಲ್ಲ.

3. ಒಳಲೆ: ಶಾಸ್ತ್ರವೇ ಮರಳಿ ಒಪ್ಪಿದ ಸಾಧನ

ಕೊಕ್ಕಿನಂಥ ಮೂತಿಯಿರುವ ಪುಟ್ಟ ಲೋಹದ ಪಾತ್ರೆಯಾದ ಒಳಲೆಯ ವಿಷಯದಲ್ಲಿ ಮನೆಯ ತಿಳಿವಳಿಕೆ ಗೆದ್ದಿದೆ. ಹಾಲಿನ ಬಾಟಲಿಯ ರಬ್ಬರ್ ತೊಟ್ಟಿನ ಸಂದಿಯಲ್ಲಿ ಉಳಿಯುವ ಹಾಲಿನ ಪಸೆ ಕ್ರಿಮಿಗಳಿಗೆ ಮನೆಯಾಗುತ್ತದೆ. ಬಾಟಲಿಗೆ ಹೊಂದಿಕೊಂಡ ಕೂಸು ಮೊಲೆ ಕಚ್ಚಲು ತಕರಾರು ಮಾಡುವುದೂ ಉಂಟು. ಬಾಯಿ ತೆರೆದ ಒಳಲೆಯನ್ನಾದರೋ ಉಜ್ಜಿ ತೊಳೆದು ಕುದಿಸಬಹುದು. ಇದೇ ಆಕಾರದ, ಪಲಾಡೈ ಎಂದು ಕರೆಯಲಾಗುವ ಪಾತ್ರೆಯನ್ನು ಭಾರತದ ನವಜಾತ ಶಿಶು ಘಟಕಗಳಲ್ಲಿ ಹಿಂಡಿದ ಎದೆಹಾಲು ಕುಡಿಸಲು ಬಳಸುತ್ತಾರೆ. ಶಿಶು ಆಹಾರ ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನು ನಿಷೇಧಿಸಿದ 1992ರ ಕೇಂದ್ರ ಕಾಯ್ದೆ, 2003ರಲ್ಲಿ ಇನ್ನಷ್ಟು ಬಿಗಿಗೊಂಡು, ಇದೇ ನಿಲುವಿಗೆ ಬಲ ಕೊಟ್ಟಿತು. ಆದರೆ ಸಾಧನ ಒಳ್ಳೆಯದೆಂದ ಮಾತ್ರಕ್ಕೆ ಅದರಲ್ಲಿ ಹಾಕುವುದೆಲ್ಲ ಒಳ್ಳೆಯದಾಗದು. ಅಳುವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹರಳೆಣ್ಣೆ ಹೊಯ್ಯುವಾಗ ಅದು ಉಸಿರಿನ ದಾರಿಗೆ ಇಳಿಯಬಹುದು. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರೂ ಬೇಡವೆಂಬ ಸಲಹೆಯನ್ನು ಇಲ್ಲಿ ಪೂರ್ತಿಯಾಗಿ ಪಾಲಿಸಬೇಕು.

4. ವಾಕರ್ ಮತ್ತು ಬೈಕು: ಅನುಭವವಿಲ್ಲದ ತಿಳಿವಳಿಕೆ

ಬಡಗಿ ಮಾಡಿಕೊಡುತ್ತಿದ್ದ ಮೂರು ಚಕ್ರದ ಮರದ ಗಾಡಿಗೂ ಪ್ಲಾಸ್ಟಿಕ್ ವಾಕರಿಗೂ ಮೂಲಭೂತ ವ್ಯತ್ಯಾಸವಿದೆ. ಮರದ ಗಾಡಿಯನ್ನು ಹಿಡಿದು ನಿಲ್ಲಲು ಬಲ ಬಂದ ಮಗು ಹಿಂದಿನಿಂದ ತಳ್ಳುತ್ತದೆ. ಕಾಲು ಸೋತರೆ ಕೂರುತ್ತದೆ. ವಾಕರಿನಲ್ಲಿ ಇನ್ನೂ ನಿಲ್ಲಲಾರದ ಮಗುವನ್ನು ಕೂರಿಸುವುದರಿಂದ ಅದು ತನ್ನ ಬಲಕ್ಕೆ ಮೀರಿದ ವೇಗವನ್ನು ಪಡೆಯುತ್ತದೆ: ಒಂದು ಸೆಕೆಂಡಿಗೆ ಮೂರು ಅಡಿಗೂ ಹೆಚ್ಚು. ಅಮೆರಿಕದಲ್ಲಿ 1990ರಿಂದ 2014ರವರೆಗೆ ಹದಿನೈದು ತಿಂಗಳೊಳಗಿನ 2,30,000ಕ್ಕೂ ಹೆಚ್ಚು ಮಕ್ಕಳು ವಾಕರಿನ ಗಾಯಗಳಿಗಾಗಿ ತುರ್ತು ಚಿಕಿತ್ಸೆ ಪಡೆದರು. ನೂರಕ್ಕೆ ತೊಂಬತ್ತರಷ್ಟು ಗಾಯಗಳು ತಲೆ, ಕತ್ತಿಗೆ ಸಂಬಂಧಿಸಿದ್ದವು, ನೂರಕ್ಕೆ ಎಪ್ಪತ್ನಾಲ್ಕು ಮೆಟ್ಟಿಲಿನಿಂದ ಉರುಳಿದ್ದರಿಂದ ಆದವು. ಕೆನಡಾ 2004ರಲ್ಲಿ ವಾಕರನ್ನು ಪೂರ್ತಿ ನಿಷೇಧಿಸಿತು.

ಒಂದೇ ಅಂತಸ್ತಿನ ಹಳ್ಳಿಮನೆಗೆ ಮೆಟ್ಟಿಲಿನ ಮಾತು ಅನ್ವಯಿಸದೆಂದು ಅನ್ನಿಸಬಹುದು. ಆದರೆ ಎತ್ತರದ ಹೊಸ್ತಿಲು, ಅದರಾಚೆಯ ಜಗುಲಿ, ಜಗುಲಿಯಿಂದ ಅಂಗಳಕ್ಕಿರುವ ಇಳಿತ ಇವೇ ಇಲ್ಲಿನ ಮೆಟ್ಟಿಲುಗಳು. ನೆಲದ ಮೇಲಿನ ಒಲೆ, ಬಚ್ಚಲಿನ ಬಿಸಿನೀರಿನ ಹಂಡೆಗಳು ವಾಕರಿನ ಮಗುವಿಗೆ ಕೈಗೆಟಕುವ ದೂರದಲ್ಲಿರುತ್ತವೆ. ಹೆಸರಾಂತ ಕರಿಕಲ್ಲಿನ ಈ ಜಿಲ್ಲೆಯ ಹೊಸ ಮನೆಗಳ ನುಣುಪು ನೆಲದಲ್ಲಿ ಚಕ್ರದ ವೇಗ ಇನ್ನೂ ಹೆಚ್ಚುತ್ತದೆ. ‘ನಾವು ನೋಡಿಕೊಳ್ಳುತ್ತಲೇ ಇರುತ್ತೇವೆ’ ಎಂಬ ಭರವಸೆ ಈ ವೇಗದ ಮುಂದೆ ನಿಲ್ಲುವುದಿಲ್ಲ, ಏಕೆಂದರೆ ಎದ್ದು ಬರುವಷ್ಟರಲ್ಲಿ ಮಗು ಹೊಸ್ತಿಲು ಮುಟ್ಟಿರುತ್ತದೆ. ನಡಿಗೆಯೂ ವಾಕರಿನಿಂದ ಬೇಗ ಬರುವುದಿಲ್ಲ. ಇಲ್ಲಿ ಸಲಹೆಗೆ ಪೂರ್ತಿ ತಲೆಬಾಗಬೇಕು.

ಬೈಕಿನ ಪ್ರಯಾಣವೂ ಈ ವರ್ಗದ್ದೇ. ಗುಂಡ್ಲುಪೇಟೆಯಿಂದ ಬೇಗೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಹೋಗುವ ದಂಪತಿಗಳ ನಡುವೆ ಕೂತ ಮಗುವನ್ನು ತಾಯಿಯ ತೋಳು ಕಾಯುತ್ತದೆಂಬುದು ಸಹಜವಾದ ನಂಬಿಕೆ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಯಾವುದಕ್ಕಾದರೂ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 110 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕಾಗುತ್ತದೆ. ಅಷ್ಟು ಬಲ ಯಾವ ತಾಯಿಯ ತೋಳಿಗೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಫೆಬ್ರುವರಿಯಲ್ಲಿ ತಂದು, ಒಂದು ವರ್ಷದ ನಂತರ ಜಾರಿಗೊಳಿಸಿದ ತಿದ್ದುಪಡಿ, ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನೊಂದಿಗೆ ಬಿಗಿಯುವ ಸುರಕ್ಷತಾ ಪಟ್ಟಿಯನ್ನು, ಒಂಬತ್ತು ತಿಂಗಳು ದಾಟಿದ ಮೇಲೆ ಹೆಲ್ಮೆಟನ್ನು ಕಡ್ಡಾಯ ಮಾಡಿ, ವೇಗವನ್ನು 40 ಕಿಲೋಮೀಟರಿಗೆ ಮಿತಿಗೊಳಿಸಿದೆ.

5. ತೂಗಿ ನೋಡುವ ಬಗೆ

ಮೇಲಿನ ಪರಿಶೀಲನೆಯಿಂದ ಮೂರು ನಿಯಮಗಳು ದೊರೆಯುತ್ತವೆ. ತಲೆಮಾರುಗಳಿಂದ ಬಳಕೆಯಲ್ಲಿರುವ ವಸ್ತುವಿನ, ಎಲ್ಲರ ಕಣ್ಣಿಗೂ ಬೀಳುವ ಅಪಾಯದ ವಿಷಯದಲ್ಲಿ ಮನೆಯ ತಿಳಿವಳಿಕೆಯನ್ನೇ ಮೊದಲು ಕೇಳಬೇಕು. ವಸ್ತು ಹಳೆಯದಾದರೂ ಅಪಾಯ ವಿರಳವಾಗಿದ್ದರೆ, ಬಹುಸಂಖ್ಯೆಯ ಲೆಕ್ಕದಿಂದ ಬಂದ ಸಲಹೆಗೆ ಹೆಚ್ಚಿನ ತೂಕ ಕೊಡಬೇಕು. ವಸ್ತುವೇ ಹೊಸದಾಗಿದ್ದರೆ, ಅದರ ಬಗ್ಗೆ ಮನೆಯಲ್ಲಿ ಅನುಭವವೇ ಇಲ್ಲವೆಂದು ಒಪ್ಪಿಕೊಂಡು ಸಲಹೆಯಂತೆ ನಡೆಯಬೇಕು. ಸಲಹೆ ಕೊಡುವವರ ಮೇಲೂ ಹೊಣೆಯಿದೆ: ಜೋಲಿ ಬೇಡವೆನ್ನುವವರು ಹೊಲದಲ್ಲಿ ಮಗುವನ್ನು ಎಲ್ಲಿ ಮಲಗಿಸಬೇಕೆಂಬುದನ್ನೂ ಹೇಳಬೇಕು. 2023–24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿತವಾದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಈ ಪ್ರಶ್ನೆಗೆ ಕೊಡಬಹುದಾದ ಉತ್ತರಗಳಲ್ಲೊಂದು. ಆಶಾ ಕಾರ್ಯಕರ್ತೆಯ ಆರು ಭೇಟಿಗಳಲ್ಲಿ ಒಂದರಲ್ಲಾದರೂ ಜೋಲಿಯ ಗಂಟು, ಕೊಕ್ಕೆ, ಕೂಸಿನ ಗದ್ದದ ಭಂಗಿಯನ್ನು ಅಜ್ಜಿಯ ಜೊತೆಗೇ ನಿಂತು ಪರೀಕ್ಷಿಸುವ ಪದ್ಧತಿ ಬಂದರೆ, ಖರ್ಚಿಲ್ಲದೆ ಜೀವಗಳು ಉಳಿಯುತ್ತವೆ. ಹಿರಿಯರ ಮಾತಿಗೆ ಮನ್ನಣೆ ಸಿಕ್ಕಿದ ಮನೆಯಲ್ಲಿ ವೈದ್ಯರ ಮಾತಿಗೂ ಕಿವಿ ಸಿಗುತ್ತದೆ.