ಚತುರ್ವಿಧ ದಾನ

ಬಂಟವಾಳದಿಂದ ನೇತ್ರಾವತಿಯ ಹರಿವಿಗೆದುರಾಗಿ ಸಾಗಿದರೆ ಬೆಳ್ತಂಗಡಿ ಸೀಮೆಯ ಧರ್ಮಸ್ಥಳ ದೊರೆಯುವುದು. ಅಲ್ಲಿ ದೇವರು ಮಂಜುನಾಥ, ಅರ್ಚಕರು ವೈಷ್ಣವರು, ಧರ್ಮಾಧಿಕಾರಿಗಳಾದ ಹೆಗ್ಗಡೆಯವರು ಜೈನರು. ಬಂದವರ ಜಾತಿಮತಗಳನ್ನು ಕೇಳದೆ ಅನ್ನವಿಕ್ಕುವರು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳು ಜೈನರ ಹಳೆಯ ಕಟ್ಟಳೆ. ನೆರೆಯ ಮೂಡಬಿದಿರೆಯ ಬಸದಿಯು ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದುದು ಈ ಶಾಸ್ತ್ರದಾನದ ಫಲವೇ ಸರಿ.

1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು, ಉಣಿಸಿದರೆ ಸಾಲದು, ಬಡ ರೈತನು ತಾನೇ ಬೆಳೆದುಣ್ಣಬೇಕೆಂದು ದುಡಿಮೆಗೆ ನೆರವಿತ್ತಿತು. ಮುಂದೆ ಸ್ವಸಹಾಯ ಸಂಘಗಳ ಮೂಲಕ ಸಾಲವೂ ಬಂದಿತು. ಇಕ್ಕಿದ ಅನ್ನಕ್ಕೆ ಲೆಕ್ಕವಿಲ್ಲ. ಸಾಲಕ್ಕಾದರೋ ಕಂತುಂಟು, ಬಡ್ಡಿಯುಂಟು. ಆದುದರಿಂದ ನಾಲ್ಕನೆಯ ದಾನವೇ ಇಂದಿನ ಒರೆಗಲ್ಲು. ಕಂತು ತಪ್ಪಿದ ಬಡವನಿಗೂ ಅಭಯವು ಉಳಿದಲ್ಲಿ ಮಾತ್ರವೇ ನೆರವು ದಾನವೆನಿಸೀತು.