ಹೆಬ್ಬೆರಳಿನಿಂದ ಸೂಜಿಮೊನೆಗೆ

ಹತ್ತಿಪೇಟೆಗೆ ಯಂತ್ರ ಬರುವ ಮೊದಲು ಅಳತೆಗೋಲಾಗಿದ್ದದ್ದು ಬೆರಳು. ವ್ಯಾಪಾರಿ ಚಿಟಿಕೆ ಅರಳೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಎಳೆಯುತ್ತಿದ್ದ. ಎಳೆಗಳನ್ನು ಜೋಡಿಸಿ ಉದ್ದ ನೋಡುತ್ತಿದ್ದ, ಕಿತ್ತು ಬಲ ನೋಡುತ್ತಿದ್ದ. ಅಷ್ಟರಲ್ಲಿ ಬೆಲೆ ಗೊತ್ತಾಗುತ್ತಿತ್ತು. ಬೆಳೆದವನ ವರ್ಷದ ದುಡಿಮೆ ಇನ್ನೊಬ್ಬನ ಬೆರಳತುದಿಯ ಮೇಲೆ ನಿಂತಿತ್ತು.

ಇಂದು ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಸೀಮೆ. ಬಳ್ಳಾರಿ, ಅನಂತಪುರ, ಕರ್ನೂಲು ಜಿಲ್ಲೆಗಳ ಹತ್ತಿಗೆ ವ್ಯಾಪಾರದಲ್ಲಿ ‘ವೆಸ್ಟರ್ನ್ಸ್’ ಎಂಬ ಹೆಸರಿತ್ತು. ಮಳೆಯನ್ನೇ ನಂಬಿ ಬೆಳೆಯುವ, ಬರ ತಾಳುವ ನಾಟಿ ಹತ್ತಿ ಅದು. ಆದರೆ ಅದರ ಎಳೆ ಗಿಡ್ಡ. ಲ್ಯಾಂಕಾಶೈರ್ ಗಿರಣಿಗಳಿಗೆ ಬೇಕಾಗಿದ್ದದ್ದು ಉದ್ದ ಎಳೆ. ಹೀಗಾಗಿ ನಮ್ಮ ನೆಲಕ್ಕೆ ಒಗ್ಗಿದ ಹತ್ತಿ, ದೂರದ ಯಂತ್ರಕ್ಕೆ ಒಗ್ಗದ ಕಾರಣಕ್ಕೆ ಕೀಳು ದರ್ಜೆಯದಾಯಿತು.

ಬಳ್ಳಾರಿಯ ಸಮೀಪದ ಹಗರಿಯಲ್ಲಿ 1906ರಲ್ಲಿ ಕೃಷಿ ಸಂಶೋಧನಾ ಕೇಂದ್ರ ಆರಂಭವಾಯಿತು. ‘ಹಗರಿ-1’ ಈ ವೆಸ್ಟರ್ನ್ಸ್ ಹತ್ತಿಯಿಂದಲೇ ಆಯ್ದ ತಳಿ. 1924ರಲ್ಲಿ ಮುಂಬಯಿಯ ಮಾತುಂಗಾದಲ್ಲಿ ಹತ್ತಿಗೆಂದೇ ಒಂದು ತಾಂತ್ರಿಕ ಪ್ರಯೋಗಾಲಯ ತೆರೆಯಿತು. ಎಳೆಯ ಗುಣವನ್ನು ಬೆರಳಿನ ಬದಲು ಅಂಕಿಗಳು ಹೇಳತೊಡಗಿದವು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ರೂಪಿಸಿದ ‘ವರಲಕ್ಷ್ಮಿ’ ಸಂಕರ ಹತ್ತಿ ಉದ್ದನೆಯ ಎಳೆ ಕೊಟ್ಟಿತು.

ಈ ಎಲ್ಲ ಅಳತೆಗಳೂ ಇಡೀ ಎಳೆಯವು. ಹತ್ತಿಯ ಬಹುಪಾಲು ಸೆಲ್ಯುಲೋಸ್ ಎಂಬ ಪಾಲಿಮರ್, ಅಂದರೆ ಸಕ್ಕರೆಯ ಸಣ್ಣ ಘಟಕಗಳು ಸಾಲಾಗಿ ಕೂಡಿದ ಸರಪಳಿ. ಪಾಲಿಮರ್‌ಗಳು ಹೀಗೆ ನೀಳ ಸರಪಳಿಗಳೆಂದು ಹರ್ಮನ್ ಸ್ಟೌಡಿಂಗರ್ 1920ರಲ್ಲಿ ವಾದಿಸಿದಾಗ ಹಲವು ರಸಾಯನಶಾಸ್ತ್ರಜ್ಞರು ನಂಬಲಿಲ್ಲ. ಆ ಸರಪಳಿಗಳ ಕಟ್ಟನ್ನು ಮುಟ್ಟಿ ನೋಡುವ ಬೆರಳು ಬಂದದ್ದು 1986ರಲ್ಲಿ. ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಆ ವರ್ಷ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪನ್ನು ಜಗತ್ತಿನ ಮುಂದಿಟ್ಟರು.

ಹೆಸರು ಸೂಕ್ಷ್ಮದರ್ಶಕವಾದರೂ ಇದು ನೋಡುವ ಯಂತ್ರಕ್ಕಿಂತ ಮುಟ್ಟುವ ಯಂತ್ರ. ಬಾಗುವ ಪುಟ್ಟ ಪಟ್ಟಿಯ ತುದಿಗೆ ಒಂದು ಸೂಜಿಮೊನೆ. ಅದರ ತುದಿಯ ದುಂಡು ಸುಮಾರು 10 ನ್ಯಾನೋಮೀಟರ್. ಮೊನೆ ವಸ್ತುವನ್ನು ಒತ್ತಿದಾಗ ಪಟ್ಟಿ ಬಾಗುತ್ತದೆ; ಅದರ ಬೆನ್ನಿನಿಂದ ಪ್ರತಿಫಲಿಸುವ ಲೇಸರ್ ಆ ಬಾಗನ್ನು ಹೇಳುತ್ತದೆ. ಬಾಗಿನಿಂದ ಬಲ ತಿಳಿಯುತ್ತದೆ, ಬಲಕ್ಕೆ ವಸ್ತು ಎಷ್ಟು ತಗ್ಗಿತೆಂಬುದರಿಂದ ಅದರ ಬಿಗಿ ತಿಳಿಯುತ್ತದೆ. ಲೆಕ್ಕಕ್ಕೆ ಬಳಸುವ ಸೂತ್ರಗಳಲ್ಲೊಂದು ಹೈನ್‌ರಿಕ್ ಹರ್ಟ್ಸ್ 1882ರಲ್ಲೇ ಕೊಟ್ಟದ್ದು.

2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಟ್ಯುನಿಕೇಟ್ ಎಂಬ ಸಮುದ್ರಜೀವಿಯ ಸೆಲ್ಯುಲೋಸ್ ನಾರನ್ನು ಸಣ್ಣ ಕಾಲುವೆಯ ಮೇಲೆ ಸೇತುವೆಯಂತೆ ಮಲಗಿಸಿ ನಡುವೆ ಒತ್ತಿದರು. ಬಿಗಿ ಸುಮಾರು 145 ಗಿಗಾಪಾಸ್ಕಲ್ ಬಂತು. ಉಕ್ಕಿನದು ಸುಮಾರು 200. ಹತ್ತಿಯ ಇಡೀ ಎಳೆಯದಾದರೋ ಇದರ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದು ಕಷ್ಟ. ಎಳೆಯೊಳಗೆ ನ್ಯಾನೋ ನಾರುಗಳು ನೇರ ಮಲಗಿಲ್ಲ, ಹಗ್ಗದ ಹುರಿಯಂತೆ ಸುತ್ತಿಕೊಂಡಿವೆ. ನಡುನಡುವೆ ಸುತ್ತಿನ ದಿಕ್ಕೂ ಬದಲಾಗುತ್ತದೆ.

ನಾಟಿ ಹತ್ತಿಯಲ್ಲೂ ವರಲಕ್ಷ್ಮಿಯಲ್ಲೂ ಇರುವ ಸೆಲ್ಯುಲೋಸ್ ಒಂದೇ. ವ್ಯತ್ಯಾಸವಿರುವುದು ಎಳೆಯ ಉದ್ದ, ದಪ್ಪ, ನಾರು ಸುತ್ತಿಕೊಂಡ ಓರೆಗಳಲ್ಲಿ. ಅಂದರೆ ಪೇಟೆ ‘ಕೀಳು’ ಎಂದದ್ದು ಪದಾರ್ಥವನ್ನಲ್ಲ, ತನ್ನ ಯಂತ್ರಕ್ಕೆ ಹೊಂದದ ಆಕಾರವನ್ನು. ಅಳತೆ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗಷ್ಟೇ ಉತ್ತರಿಸಿತು. ಗಿಡ ಎಷ್ಟು ಬರ ತಾಳಿತೆಂದು ಆ ಹೆಬ್ಬೆರಳು ಕೇಳಿರಲಿಲ್ಲ, ಈ ಸೂಜಿಮೊನೆಯೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಬೇಕಾದವರು ಅಳೆಯುವ ಮನುಷ್ಯರೇ.